ಮುಖವಲ್ಲ, ಬೆನ್ನು ನೋಡಿ: ಕಲಬುರಗಿಯ ಅಕ್ಷರ ಬೋರ್ಡ್ ಕೆಲಸವೂ ಹಾಲಿವುಡ್ ಗುಡ್ಡದ ಬೋರ್ಡೂ

ಬೋರ್ಡ್ ಮಾಡಿಸುವ ಗಿರಾಕಿ ಬಣ್ಣ ಕೇಳುತ್ತಾನೆ, ಲೈಟ್ ಕೇಳುತ್ತಾನೆ, ಚದರಡಿಗೆ ಎಷ್ಟು ಎಂದು ಕೇಳುತ್ತಾನೆ. ಹಿಂದಿನ ಫ್ರೇಮ್ ಯಾವ ಪೈಪಿನದು ಎಂದು ಕೇಳುವವರು ಕಡಿಮೆ. ಕಲಬುರಗಿಯ ಬೋರ್ಡ್ ಅಂಗಡಿಗಳ ಕೆಲಸ ತೂಗಲು ಲಾಸ್ ಏಂಜಲೀಸ್‌ನ ಮೌಂಟ್ ಲೀ ಗುಡ್ಡದ ಮೇಲಿನ 'ಹಾಲಿವುಡ್' ಬೋರ್ಡನ್ನೇ ತಕ್ಕಡಿ ಮಾಡಿಕೊಳ್ಳಬಹುದು. ಅಲ್ಲಿ ಒಂದೇ ಜಾಗದಲ್ಲಿ ಎರಡು ನಮೂನೆಯ ಕೆಲಸ ಆಗಿದೆ.

ಮೊದಲನೆಯದು 1923ರದು. 'ಹಾಲಿವುಡ್‌ಲ್ಯಾಂಡ್' ಎಂಬ ಲೇಔಟಿನ ಜಾಹೀರಾತು ಅದು. ಸೇಡಂ ರಸ್ತೆ ಬದಿಯ 'ಪ್ಲಾಟ್ ಮಾರಾಟಕ್ಕಿವೆ' ಬೋರ್ಡಿನ ಹಿರಿಯಣ್ಣ ಎನ್ನಿ. ಖರ್ಚು ಸುಮಾರು 21,000 ಡಾಲರ್. ಸುಮಾರು 4,000 ಬಲ್ಬುಗಳು ಹಾಲಿ, ವುಡ್, ಲ್ಯಾಂಡ್ ಎಂದು ಒಂದೊಂದು ತುಂಡಾಗಿ ಹೊತ್ತಿಕೊಳ್ಳುತ್ತಿದ್ದವು. ಬೆನ್ನಿಗೆ ಮಾತ್ರ ಮರದ ಕಂಬ, ತಂತಿ, ತೆಳು ತಗಡು. ಒಂದೂವರೆ ವರ್ಷ ನಿಂತರೆ ಸಾಕೆಂದು ಕಟ್ಟಿದ ಮಾಲು, ಅಷ್ಟಕ್ಕೆ ಅದು ಸರಿಯೇ. ಐವತ್ತು ವರ್ಷ ಅದೇ ಬೆನ್ನಿನ ಮೇಲೆ ನಿಲ್ಲಿಸಿದ್ದು ತಪ್ಪು. 1940ರ ದಶಕದಲ್ಲಿ ಎಚ್ ಅಡ್ಡಬಿತ್ತು. 1949ರಲ್ಲಿ ರಿಪೇರಿ ಮಾಡಿ 'ಲ್ಯಾಂಡ್' ತೆಗೆದರು, ಬಲ್ಬ್ ಮತ್ತೆ ಹಾಕಲಿಲ್ಲ. ಎಪ್ಪತ್ತರ ದಶಕಕ್ಕೆ ಮೊದಲ ಓ ತಲೆ ಕಳಚಿಕೊಂಡು ಯು ಆಯಿತು, ಕೊನೆಯ ಓ ಪೂರ್ತಿ ಬಿತ್ತು.

1978ರಲ್ಲಿ ತೇಪೆ ಹಚ್ಚುವುದನ್ನು ಬಿಟ್ಟು ಎಲ್ಲವನ್ನೂ ಕಿತ್ತರು. ಕಾಂಕ್ರೀಟ್ ಬುನಾದಿ, ಉಕ್ಕಿನ ಕಂಬ, ಎನಾಮೆಲ್ ಹಚ್ಚಿದ ಉಕ್ಕಿನ ಶೀಟು, 45 ಅಡಿ ಎತ್ತರ. ಒಂಬತ್ತು ಅಕ್ಷರಕ್ಕೆ ಒಂಬತ್ತು ದಾನಿಗಳು, ತಲಾ ಸುಮಾರು 27,700 ಡಾಲರ್. ಒಂದು ಓ ಗಾಯಕ ಆಲಿಸ್ ಕೂಪರ್ ಪಾಲಿನದು. ಆ ಅಕ್ಷರಗಳೇ ಇಂದಿಗೂ ನಿಂತಿವೆ. 2022ರಲ್ಲಿ ಮತ್ತೆ ಬಣ್ಣ ಕಂಡವು.

ಇನ್ನು ನಮ್ಮೂರ ಕೆಲಸ. ಅಕ್ಷರ ಕತ್ತರಿಸುವುದಕ್ಕೆ ಹತ್ತಕ್ಕೆ ಎಂಟು ಕೊಡಬಹುದು. ಯಂತ್ರ ಬಂದ ಮೇಲೆ ಅಂಚು ನಯವಾಗಿದೆ. ಅಂಕ ಹೋಗುವುದು ಒತ್ತಕ್ಷರದಲ್ಲಿ. 'ಕಲಬುರಗಿ' ಬರೆಯಲು ಒತ್ತೇ ಬೇಡ, ಆದರೆ 'ಲಕ್ಷ್ಮೀ ಸ್ವೀಟ್ಸ್' ಬರೆದರೆ ಒತ್ತುಗಳು ಬೇರೆ ತುಂಡಾಗಿ ನೇತಾಡುತ್ತವೆ. ಒಂದೇ ಸ್ಕ್ರೂಗೆ ಬಿಟ್ಟರೆ ಗಾಳಿಗೆ ತಿರುಗಿ ಉದುರುತ್ತವೆ. ಪ್ರತಿ ಒತ್ತಿಗೂ ಕನಿಷ್ಠ ಎರಡು ಹಿಡಿತ ಬೇಕೆಂದು ಆರ್ಡರ್ ಚೀಟಿಯಲ್ಲೇ ಬರೆಸಿ.

ಬಿಸಿಲಿನದು ಇನ್ನೊಂದು ಕಾಟ. ಮೂರು ಮೀಟರ್ ಉದ್ದದ ಅಕ್ರಿಲಿಕ್ ಹಾಳೆ 30 ಡಿಗ್ರಿ ಏರಿಳಿತಕ್ಕೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ತೂತು ಸ್ಕ್ರೂವಿನಷ್ಟೇ ಇದ್ದರೆ ಮೂಲೆಯಿಂದ ಬಿರುಕು ಬಿಡುವುದು ಖಚಿತ. ಉದ್ದದ ಹಾಳೆಗೆ ನಡುವಿನದೊಂದು ತೂತು ಬಿಗಿ ಇರಲಿ, ಉಳಿದವು ಹಾಳೆಯ ಉದ್ದದ ದಿಕ್ಕಿಗೆ ನೀಳವಾಗಿರಲಿ. ಎಲ್‌ಇಡಿ ಬೇಗ ಸತ್ತಿತು ಎಂದು ದೂರುವವರು ಮೊದಲು ಅಡಾಪ್ಟರ್ ನೋಡಬೇಕು. 48 ವ್ಯಾಟ್ ಎಳೆಯುವ ಎಲ್‌ಇಡಿಗಳಿಗೆ 50 ವ್ಯಾಟಿನ ಅಡಾಪ್ಟರ್ ಹಾಕಿ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಅದು ಏಪ್ರಿಲ್ ದಾಟುವುದು ಕಷ್ಟ. 60ರದ್ದು ಬೇಕು, ಗಾಳಿಯೂ ಬೇಕು. ಡಬ್ಬಿಯಂತೆ ಟೊಳ್ಳಾಗಿ ಮಾಡಿದ ಅಕ್ಷರದ ಅಡಿಗೆ 5 ಮಿ.ಮೀ. ತೂತು ಬಿಡದಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ.

ಗೋಡೆಯ ವಿಷಯದಲ್ಲಿ ಕಲಬುರಗಿಯ ಮಿಸ್ತ್ರಿಗಳು ಅವಸರಗಾರರು. ಶಹಾಬಾದ್ ಫರ್ಸಿ ಪದರ ಪದರದ ಸುಣ್ಣಕಲ್ಲು. ಅಂಚಿನ ಹತ್ತಿರ ಆಂಕರ್ ಬೋಲ್ಟ್ (ತೂತಿನೊಳಗೆ ಹಿಗ್ಗಿ ಕಚ್ಚುವ ಬೋಲ್ಟ್) ಬಿಗಿದರೆ ಹೋಳಾಗುತ್ತದೆ. ಹೊದಿಕೆಯ ಫರ್ಸಿಯನ್ನು ದಾಟಿ ಒಳಗಿನ ಗೋಡೆಗೇ ಹಿಡಿಸಬೇಕು. ಬೀದರಿನ ಕೆಂಪು ಜಂಬಿಟ್ಟಿಗೆಯಲ್ಲಿ ರಂಧ್ರ ಹೆಚ್ಚು, ಆಂಕರ್ ಕಚ್ಚುವುದಿಲ್ಲ. ಅಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟೇ ಸರಿ. ಎರೆಮಣ್ಣಿನಲ್ಲಿ ಕಂಬ ನೆಟ್ಟು ಬೋರ್ಡ್ ನಿಲ್ಲಿಸುವುದಾದರೆ ಗುಂಡಿ ಎರೆಯನ್ನು ದಾಟಿ ಗಟ್ಟಿ ನೆಲ ಮುಟ್ಟಲಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು, ಎರಡೇ ವರ್ಷಕ್ಕೆ ಕಂಬ ವಾಲಿಸಬಲ್ಲದು.

ಫ್ರೇಮಿಗೆ ನಮ್ಮ ಅಂಕ ಹತ್ತಕ್ಕೆ ನಾಲ್ಕು. ವೆಲ್ಡಿಂಗ್ ಮಾಡಿದ ಜಾಗಕ್ಕೆ ಪ್ರೈಮರ್ ಹಚ್ಚುವುದಿಲ್ಲ, ಪೈಪಿನ ತುದಿ ಮುಚ್ಚುವುದಿಲ್ಲ. ತುಕ್ಕು ಹಿಡಿಯುವುದು ಅಲ್ಲಿಂದಲೇ. ಬೋರ್ಡ್ ಗೋಡೆ ಏರುವ ಮುಂಚೆ ಅಂಗಡಿಗೇ ಹೋಗಿ ಮಗುಚಿ ನೋಡಿ. ಬಾಕಿ ದುಡ್ಡು ಆಮೇಲೆ.