ಆರು ವರ್ಷ ಬಳಸಿದ ಕಂಪ್ರೆಷನ್ ಗೇಜ್: ನಿಂತ ಇಂಜಿನ್ ಎಬ್ಬಿಸುವ ಮುಂಚೆ

ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಈ ಗೇಜ್ ಕೊಂಡಾಗ ನನಗೆ ಬೇಕಿದ್ದದ್ದು ಒಂದೇ ಉತ್ತರ. ಒಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಹಳೇ ಕಾರಿನ ಇಂಜಿನ್ ಬಿಚ್ಚಬೇಕೋ ಬೇಡವೋ? ನೋಡಿದವರೆಲ್ಲ "ಬೋರ್ ಕೆಲಸಾನೇ ಮಾಡಿಸ್ಬೇಕು" ಅಂದಿದ್ದರು, ಅಂದರೆ ಇಂಜಿನ್ ಬಿಚ್ಚಿ ಸಿಲಿಂಡರ್ ಒಳಗೋಡೆ ಕೊರೆಸುವುದು. ಒಬ್ಬರೂ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿರಲಿಲ್ಲ.

ಗೇಜ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮುಳ್ಳಿರುವ ಡಯಲ್, 300 ಪಿಎಸ್ಐ (ಒತ್ತಡದ ಮಾಪನ) ತನಕ ಅಳತೆ, ಒಂದು ರಬ್ಬರ್ ಪೈಪು, ಪ್ಲಗ್ ತೂತಿಗೆ ತಿರುಗಿಸಿ ಕೂರಿಸಲು 10, 12, 14, 18 ಮಿ.ಮೀ. ಅಡಾಪ್ಟರ್‌ಗಳು, ಗಾಳಿ ಬಿಡಲು ಪಕ್ಕದಲ್ಲೊಂದು ಗುಂಡಿ. ಇದಕ್ಕೂ ಮುಂಚೆ ಕೈಯಲ್ಲಿ ಒತ್ತಿ ಹಿಡಿಯುವ ರಬ್ಬರ್ ತುದಿಯ ಗೇಜ್ ಇತ್ತು. ಒಬ್ಬರೇ ಕೆಲಸ ಮಾಡುವವರಿಗೆ ಅದು ಬೇಡ. ಕೈ ಬಾನೆಟ್ ಒಳಗೆ, ಕಾಲು ಆಕ್ಸಿಲರೇಟರ್ ಮೇಲೆ, ಆಗುವ ಮಾತಾ?

ಗೇಜ್ ಹಾಕುವ ಮುಂಚಿನ ಕೆಲಸವೇ ಜಾಸ್ತಿ. ವರ್ಷಗಟ್ಟಲೆ ನಿಂತ ಇಂಜಿನ್‌ಗೆ ಸೀದಾ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ಸುತ್ತಲಿನ ರಿಂಗ್‌ಗಳು ಬೋರ್‌ಗೆ ಕಚ್ಚಿಕೊಂಡಿರಬಹುದು. ಸಿಲಿಂಡರ್ ಗೋಡೆಯ ಮೇಲೆ ಎಣ್ಣೆಯ ಪಸೆ ಇರುವುದಿಲ್ಲ. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಹಾಗೆ ಕಂಡರೆ ನೀರು ಸೇರಿದೆ ಅಂತ ಲೆಕ್ಕ, ಅಲ್ಲಿಗೇ ನಿಲ್ಲಿಸಿ. ನನ್ನದರಲ್ಲಿ ಎಣ್ಣೆ ಕಪ್ಪಗಿತ್ತು ಅಷ್ಟೆ. ಅದನ್ನು ಬದಲಿಸಿದೆ. ನಾಲ್ಕೂ ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಗೇರ್ ಬಾಕ್ಸ್‌ಗೆ ಹಾಕುವ ಎಟಿಎಫ್ ಎಣ್ಣೆಗೆ ಅಸಿಟೋನ್ ಬೆರೆಸಿ ಒಂದೊಂದು ತೂತಿಗೂ ಸ್ವಲ್ಪ ಸುರಿದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರದಲ್ಲಿ ಕಿಡಿ ಇರಬಾರದು. ಎರಡು ದಿನ ಸುಮ್ನೆ ಬಿಟ್ಟೆ. ಈ ಎರಡು ದಿನ ತಡೆದುಕೊಳ್ಳುವುದೇ ಇಡೀ ಕೆಲಸದಲ್ಲಿ ಕಷ್ಟದ್ದು.

ಮೂರನೇ ದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ಎಳೆದೆ. ಮೊದಲು ಕಲ್ಲಿನ ಹಾಗಿತ್ತು. ಆಮೇಲೆ ಒಂದು ಬೆರಳಷ್ಟು ಜರುಗಿತು. ಹಿಂದೆ ಮುಂದೆ ಆಡಿಸುತ್ತಾ ಅರ್ಧ ಗಂಟೆಯಲ್ಲಿ ಎರಡು ಪೂರ್ತಿ ಸುತ್ತು ಬಂತು. ಉದ್ದನೆ ಪೈಪ್ ಸಿಕ್ಕಿಸಿ ಜೋರು ಮಾಡುವ ಆಸೆ ಆಗುತ್ತದೆ. ಬೇಡ. ಯಾವುದಾದರೂ ವಾಲ್ವ್ ತೆರೆದೇ ಅಂಟಿಕೊಂಡಿದ್ದರೆ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್‌ಗಳನ್ನು ಓಡಿಸುವ ರಬ್ಬರ್ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಇಷ್ಟಕ್ಕೂ ಮೊದಲೇ ಹೊಸ ಬೆಲ್ಟ್ ಹಾಕಿಬಿಡಿ. ನನ್ನದರಲ್ಲಿ ಚೈನ್ ಇತ್ತು, ಬಚಾವಾದೆ.

ಇನ್ನು ಗೇಜ್. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಅಂದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ನಾಲ್ಕೂ ಪ್ಲಗ್ ಹೊರಗೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ನ ವೈರ್ ಕಿತ್ತಿಡಿ. ಒಂದೊಂದು ತೂತಿಗೂ ಗೇಜ್ ಕೂರಿಸಿ ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಒಳಗೆ ಸಾಕಷ್ಟು ಗಾಳಿ ಹೋಗುವುದಿಲ್ಲ. ಮೊದಲ ದಿನ ನಾನು ಇದನ್ನೇ ಮರೆತು, ನಾಲ್ಕರಲ್ಲೂ ಕಡಿಮೆ ಬಂತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

ಸರಿಯಾಗಿ ಮಾಡಿದಾಗ ಬಂದದ್ದು ಹೀಗೆ: ಒಂದನೆಯದು 135, ಎರಡು 130, ಮೂರು 40, ನಾಲ್ಕು 128. ಪೆಟ್ರೋಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 120ರಿಂದ 180ರ ಒಳಗೆ ಇರುತ್ತದೆ. ಆದರೆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಶೇಕಡಾ 10-15 ದಾಟಿದರೆ ಯೋಚಿಸಬೇಕು. ಅದಕ್ಕಿಂತಲೂ ಮುಖ್ಯ ಮುಳ್ಳಿನ ನಡಿಗೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಗಟ್ಟಿ ಸಿಲಿಂಡರ್ ಆದರೆ ಮೊದಲ ಹೊಡೆತಕ್ಕೇ ಮುಳ್ಳು ಅರ್ಧಕ್ಕಿಂತ ಮೇಲೆ ಹಾರುತ್ತದೆ. ರಿಂಗ್ ಸವೆದಿದ್ದರೆ ಕೆಳಗಿಂದ ಶುರುವಾಗಿ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ವಾಲ್ವ್ ಸೋರುತ್ತಿದ್ದರೆ ಎಷ್ಟು ಸುತ್ತಿದರೂ ಕೆಳಗೇ ಉಳಿಯುತ್ತದೆ. ಡಿಜಿಟಲ್ ಗೇಜ್‌ಗಿಂತ ಮುಳ್ಳಿನದೇ ನನಗೆ ಇಷ್ಟವಾಗಿದ್ದು ಇದಕ್ಕೇ.

ಮೂರನೆಯದಕ್ಕೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. 45. ರಿಂಗ್ ದೋಷವಾಗಿದ್ದರೆ ಎಣ್ಣೆ ಸಂದು ಮುಚ್ಚಿ ಮುಳ್ಳು ಚೆನ್ನಾಗಿ ಏರಬೇಕಿತ್ತು. ಏರಲಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಸಿಲಿಂಡರ್‌ಗಳ ಮೇಲಿನ ಹೆಡ್ಡಿನ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರುತ್ತಿತ್ತು. ಅದೂ ಅಲ್ಲ. ಉಳಿದದ್ದು ವಾಲ್ವ್. ವಾಲ್ವ್‌ಗಳ ಮೇಲಿನ ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಮೂರನೆಯದರ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮೇಲೆ ಬರುತ್ತಲೇ ಇರಲಿಲ್ಲ. ಇಂಜಿನ್ ನಿಂತಾಗ ತೆರೆದಿದ್ದ ವಾಲ್ವ್ ಇರಬೇಕು, ಅದರ ದಾರಿಯಲ್ಲೇ ತೇವ ಒಳಗೆ ಹೋಗಿ ತುಕ್ಕು ಹಿಡಿದಿತ್ತು. ಅದರ ಕಾಂಡಕ್ಕೆ ಎಣ್ಣೆ ಬಿಟ್ಟು, ಪಿಸ್ಟನ್ ಕೆಳಗಿಳಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಸಂಜೆ ಹೊತ್ತಿಗೆ 'ಟಕ್' ಅಂತ ಮೇಲೆ ಬಂತು. ಅವತ್ತೇ 105. ಹೆಡ್ ಬಿಚ್ಚಲೇ ಇಲ್ಲ.

ಆಮೇಲಿನದು ಮಾಮೂಲಿ. ಹಳೇ ಪೆಟ್ರೋಲ್ ಬಸಿದೆ, ಅದು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಕಾರ್ಬುರೇಟರ್ ಜೆಟ್ ತೊಳೆದೆ, ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಉಜ್ಜಿದೆ. ಏರ್ ಫಿಲ್ಟರ್ ಒಳಗೆ ಇಲಿ ಸಂಸಾರ ಹೂಡಿ ಹೋಗಿತ್ತು. ಪ್ಲಗ್ ಇಲ್ಲದೆಯೇ ಆಯಿಲ್ ಲೈಟ್ ಆರುವ ತನಕ ಸೆಲ್ಫ್ ಹೊಡೆದು, ನಂತರ ಪ್ಲಗ್ ಹಾಕಿದೆ. ನಾಲ್ಕನೇ ಸಲಕ್ಕೆ ಕೆಮ್ಮುತ್ತಾ ಎದ್ದಿತು.

ಈಗ ಗೇಜ್ ಮೇಲಿನ ದೂರು. ಪೈಪಿನ ತುದಿಯಲ್ಲಿ ಒಂದು ಪುಟ್ಟ ವಾಲ್ವ್ ಪಿನ್ ಇದೆ. ಒತ್ತಡವನ್ನು ಹಿಡಿದಿಡುವುದು ಅದೇ. ಮೂರನೇ ವರ್ಷ ಅದು ಸೋರತೊಡಗಿತು. ನಾನು ಜಾಣತನ ಮಾಡಿ ಟೈರ್ ಟ್ಯೂಬಿನ ಪಿನ್ ಹಾಕಿದೆ. ನೋಡಲು ಎರಡೂ ಒಂದೇ. ಆದರೆ ಟೈರಿನದರ ಸ್ಪ್ರಿಂಗ್ ಬಿಗಿ, ಗೇಜಿನದು ಸಡಿಲ. ಮುಳ್ಳು ಎಲ್ಲ ಸಿಲಿಂಡರ್‌ನಲ್ಲೂ ಕಡಿಮೆ ತೋರಿಸಿತು. ಗೆಳೆಯನ ಗಾಡಿಗೆ "ರಿಂಗ್ ಹೋಗಿದೆ ಕಣೋ" ಅಂದುಬಿಟ್ಟಿದ್ದೆ. ಅವನು ಬೇರೆ ಗೇಜ್ ತಂದು ತೋರಿಸಿದಾಗ ಮುಖ ಸಣ್ಣದಾಯಿತು. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು, ಪೈಪ್ ಬಿಚ್ಚುವಾಗ ಕೆಲವೊಮ್ಮೆ ಅಡಾಪ್ಟರ್ ಹೆಡ್‌ನಲ್ಲೇ ಉಳಿದುಬಿಡುತ್ತದೆ. ಅಡಾಪ್ಟರನ್ನು ಪಾನಾ ಹಾಕಿ ಬಿಗಿಮಾಡಬೇಡಿ, ಕೈ ಬಿಗಿ ಸಾಕು, ಅದರ ರಬ್ಬರ್ ಓ-ರಿಂಗ್ ಸೋರಿಕೆ ತಡೆಯುತ್ತದೆ. ಓ-ರಿಂಗ್ ಮಾತ್ರ ನಾನು ಎರಡು ಸಲ ಬದಲಿಸಿದ್ದೇನೆ. ಡೀಸೆಲ್ ಇಂಜಿನ್‌ಗೆ ಇದನ್ನು ಹಾಕಲೇಬೇಡಿ, ಅಲ್ಲಿನ ಒತ್ತಡಕ್ಕೆ ಈ ಡಯಲ್ ಸಾಲದು.

ಆರು ವರ್ಷದಲ್ಲಿ ಹನ್ನೊಂದು ಇಂಜಿನ್ ನೋಡಿದ್ದೇನೆ. ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದು ನಕ್ಷತ್ರ ಆ ಪಿನ್ನಿನ ಲೆಕ್ಕಕ್ಕೆ. ಕಳೆದ ತಿಂಗಳು ಅದೇ ಕಾರಿನ ಮೂರನೇ ಸಿಲಿಂಡರ್ ಮತ್ತೆ ಅಳೆದೆ, 126 ಇದೆ. ಗೇಜಿನ ರಬ್ಬರ್ ಪೈಪು ಮಾತ್ರ ಬುಡದಲ್ಲಿ ಬಿರುಕು ಬಿಡುತ್ತಿದೆ.