ಹುಳುಕಡ್ಡಿಗೆ ಸೀಮೆ ಅಗಸೆಯೋ, ಹೊಂಗೆ ಎಣ್ಣೆಯೋ?

ಸಕಲೇಶಪುರದ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ತೋಟದ ಕೆಲಸದವರ ಮೈ ಒಣಗುವುದೇ ಇಲ್ಲ. ಹೋದ ಮಳೆಗಾಲ ನನ್ನ ಸೊಂಟದ ಎರಡೂ ಬದಿ ಹುಳುಕಡ್ಡಿ ಎದ್ದಿತು. ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ನಾಲ್ಕೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ವಾರಕ್ಕೆ ಉಂಗುರದೊಳಗೆ ಇನ್ನೊಂದು ಉಂಗುರ! ಅದರಲ್ಲಿ ಸ್ಟೀರಾಯ್ಡ್ ಬೆರೆಸಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಅದು ತುರಿಕೆ, ಕೆಂಪು ಅಡಗಿಸುತ್ತದೆ. ಹುಳುಕಡ್ಡಿ ತರುವ ಬೂಷ್ಟು ಮಾತ್ರ ಸುಮ್ನೆ ಹರಡುತ್ತಲೇ ಇರುತ್ತದೆ.

ಟ್ಯೂಬ್ ಬಿಟ್ಟು ಎಡಕ್ಕೆ ಹೊಂಗೆ ಎಣ್ಣೆ, ಬಲಕ್ಕೆ ಸೀಮೆ ಅಗಸೆ ಸೊಪ್ಪು ಹಚ್ಚಿದೆ.

ಹೊಂಗೆ ಎಣ್ಣೆಯಿಂದ ನವೆ ಇಳಿಯಿತು, ಸುಳ್ಳು ಹೇಳಲಾರೆ. ಆದರೆ ಆ ಕಮಟು ವಾಸನೆ! ಪಂಚೆಯ ಅಂಚು ಕಂದು ತಿರುಗಿತು. ಎರಡು ಸಲ ಸೋಪು ಹಾಕಿ ಉಜ್ಜಿದರೂ ಜಿಡ್ಡು ಹೋಗಲಿಲ್ಲ. ಬಿಸಿಲಿಲ್ಲ ಅಂತ ಬಚ್ಚಲ ಒಲೆಯ ಮೇಲೆ ಹರವಿದರೆ, ಕಾವಿಗೆ ಇಡೀ ಮನೆ ನಾರಿತು. "ರೀ, ಈ ಪಂಚೆ ಇನ್ನು ಒಳಗೆ ತರಬೇಡಿ" ಅಂದಳು ನನ್ನವಳು.

ವಾಸನೆ ತಡೆದುಕೊಳ್ಳಬಹುದಿತ್ತು. ಜಿಡ್ಡಾದ ಬಟ್ಟೆ ಮೂರು ದಿನವಾದರೂ ಒಣಗದೆ, ಅರೆಹಸಿಯಾಗಿಯೇ ಸುತ್ತಿಕೊಳ್ಳುತ್ತಿದ್ದೆ. ಹುಳುಕಡ್ಡಿಗೆ ಬೇಕಾದದ್ದೇ ಆ ತೇವ ಅಲ್ವಾ? ಎಡಬದಿ ಉಂಗುರ ನಿಂತಲ್ಲೇ ನಿಂತಿತು.

ಬೆಳ್ಳುಳ್ಳಿ ಜಜ್ಜಿ ಕಟ್ಟಬೇಡಿ. ನನಗೆ ಬೊಬ್ಬೆ ಬಂತು.

ಸೀಮೆ ಅಗಸೆ ನಮ್ಮ ಬೇಲಿಯಲ್ಲೇ ಇದೆ. ಮೇಣದ ಬತ್ತಿ ನಿಲ್ಲಿಸಿದ ಹಾಗೆ ಹಳದಿ ಹೂಗೊಂಚಲು ಬಿಡುವ ಗಿಡ. ಮೂಲ ಅಮೆರಿಕ ಖಂಡದ್ದು, ನಮ್ಮ ತಗಚೆಯ ನೆಂಟ. ಎರಡರಲ್ಲೂ ಬೂಷ್ಟು ತಡೆಯುವ ಕ್ರೈಸೋಫನಾಲ್ ಎಂಬ ಅಂಶವಿದೆ. ಫಿಲಿಪ್ಪೀನ್ಸ್‌ನ ಆರೋಗ್ಯ ಇಲಾಖೆ ಒಪ್ಪಿದ 10 ಔಷಧಿ ಗಿಡಗಳಲ್ಲಿ ಸೀಮೆ ಅಗಸೆಯೂ ಒಂದು. ಹಸಿ ಸೊಪ್ಪನ್ನು ನೀರು ಸೇರಿಸದೆ ಅರೆದು ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು, ಚೆನ್ನಾಗಿ ಒರೆಸುತ್ತಿದ್ದೆ. ದಿನಾ ಎರಡು ಸಲ ಅರೆಯುವುದು ಬೇಜಾರೇ. ಆದರೆ ಜಿಡ್ಡಿಲ್ಲ, ಒಂದು ಪೈಸೆ ಖರ್ಚಿಲ್ಲ. ಹತ್ತನೇ ದಿನಕ್ಕೆ ಬಲಬದಿಯ ಅಂಚಿನ ಗುಳ್ಳೆ ಬಾಡಿ ಪುಡಿ ಉದುರಿತು. ಎಡಕ್ಕೂ ಅದನ್ನೇ ಹಚ್ಚಿದೆ. ಕಲೆ ಮಾಸಿದ ಮೇಲೂ ಎರಡು ವಾರ ಬಿಡಲಿಲ್ಲ.

ಮುಖ, ತಲೆ, ಉಗುರಿಗೆ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ, ಎರಡು ವಾರದಲ್ಲಿ ಇಳಿಯದಿದ್ದರೆ ಸೊಪ್ಪು ಅರೆಯುತ್ತಾ ಕೂರಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ, ಹಚ್ಚಿದ ಟ್ಯೂಬನ್ನೂ ಜೊತೆಗೆ ಒಯ್ಯಿರಿ.