ಆಪ್ಟ್ ಪಿನ್ನಿಂಗ್: ಎರಡು ಆರ್ಕಿಟೆಕ್ಚರ್ ಇರುವ ಸಿಸ್ಟಂನಲ್ಲಿ ಹಲವು ವರ್ಷ ಬಳಸಿದ ಮೇಲೆ

2013ರಲ್ಲಿ ಡೆಬಿಯನ್ 7 ಎಂಬ ಲಿನಕ್ಸ್ ಆವೃತ್ತಿಯ ಜೊತೆ ಮಲ್ಟಿಆರ್ಚ್ ಬಂತು, ಅಂದರೆ ಎರಡು ಬಗೆಯ ಪ್ರೊಸೆಸರ್‌ಗಳ (ಆರ್ಕಿಟೆಕ್ಚರ್‌ಗಳ) ಪ್ಯಾಕೇಜ್‌ಗಳನ್ನು ಒಂದೇ ಸಿಸ್ಟಂನಲ್ಲಿ ಇಟ್ಟುಕೊಳ್ಳುವ ಅನುಕೂಲ. ಅಲ್ಲಿಂದ ಇಲ್ಲಿಯವರೆಗೆ ನನ್ನ 64-ಬಿಟ್ ಸಿಸ್ಟಂನಲ್ಲಿ 32-ಬಿಟ್ ಲೈಬ್ರರಿಗಳೂ ಇದ್ದೇ ಇವೆ. ನಾನು ಬಿಡಲಾಗದ ಒಂದು ಹಳೆಯ ಪ್ರೋಗ್ರಾಂಗೆ ಅವು ಬೇಕು. ಇಷ್ಟು ವರ್ಷ ಈ ಸಿಸ್ಟಂ ಕೆಡದೆ ಉಳಿದಿರುವುದಕ್ಕೆ ಮುಖ್ಯ ಕಾರಣ ಆಪ್ಟ್‌ನ ಪಿನ್ನಿಂಗ್. ಆಪ್ಟ್ ಎಂದರೆ ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಸಾಧನ; ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಬೇಕೆಂದು ಅದಕ್ಕೆ ಆದ್ಯತೆಯ ಅಂಕಿ ಕೊಟ್ಟು ಹೇಳುವುದೇ ಪಿನ್ನಿಂಗ್.

ಈ ಆದ್ಯತೆಯ ಅಂಕಿಗಳ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಮರೆಯುವಂಥದ್ದಲ್ಲ. ಸಾಮಾನ್ಯ ರೆಪೊಸಿಟರಿಗೆ (ಪ್ಯಾಕೇಜ್‌ಗಳ ಭಂಡಾರ) 500, ನಾವೇ ಆರಿಸಿ ಹೇಳಿದ ಟಾರ್ಗೆಟ್ ರಿಲೀಸ್‌ಗೆ 990, ಸ್ಟೇಬಲ್ ಎಂಬ ಸ್ಥಿರ ಬಿಡುಗಡೆಗೆಂದು ತಯಾರಿಸಿದ ಹೊಸ ಆವೃತ್ತಿಗಳ ಭಂಡಾರವಾದ ಬ್ಯಾಕ್‌ಪೋರ್ಟ್ಸ್‌ಗೆ 100. ಸಾವಿರ ಅಥವಾ ಅದಕ್ಕಿಂತ ಹೆಚ್ಚಾದರೆ ಹಳೆಯ ಆವೃತ್ತಿಗೂ ಇಳಿಸುತ್ತದೆ, ಸೊನ್ನೆಗಿಂತ ಕೆಳಗಾದರೆ ಪ್ಯಾಕೇಜ್ ಒಳಗೇ ಬರುವುದಿಲ್ಲ. ಮ್ಯಾನ್ ಪುಟ (ಸಿಸ್ಟಂನಲ್ಲೇ ಇರುವ ಕೈಪಿಡಿ) ಇದನ್ನು ಚೆನ್ನಾಗಿ ವಿವರಿಸುತ್ತದೆ.

ನಾನು ಎಡವಿದ್ದು ಆರ್ಕಿಟೆಕ್ಚರ್ ವಿಷಯದಲ್ಲಿ. ಒಂದು ಗ್ರಾಫಿಕ್ಸ್ ಲೈಬ್ರರಿಯನ್ನು ಬ್ಯಾಕ್‌ಪೋರ್ಟ್ಸ್‌ನಿಂದ ತರಲು ಬರೀ ಅದರ ಹೆಸರು ಬರೆದು ಪಿನ್ ಹಾಕಿದ್ದೆ. ಅದು ತಗುಲಿದ್ದು 64-ಬಿಟ್ ಪ್ಯಾಕೇಜ್‌ಗೆ ಮಾತ್ರ, 32-ಬಿಟ್‌ನದು ಸ್ಟೇಬಲ್‌ನಲ್ಲೇ ನಿಂತಿತು. 'ಮಲ್ಟಿ-ಆರ್ಚ್: ಸೇಮ್' ಎಂಬ ಗುರುತಿರುವ ಪ್ಯಾಕೇಜ್‌ಗಳು ಎರಡೂ ಕಡೆ ಒಂದೇ ಆವೃತ್ತಿಯಲ್ಲಿರಲೇಬೇಕು, ಏಕೆಂದರೆ ಅವು ಕೆಲವು ಫೈಲ್‌ಗಳನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಅಪ್‌ಗ್ರೇಡ್ ಮಾಡಿದರೆ ಲೈಬ್ರರಿ ಅಲ್ಲಾಡಲಿಲ್ಲ. ಬೇಕಾದರೆ ಪ್ಯಾಕೇಜ್‌ಗಳನ್ನು ತೆಗೆದೂ ಮುಂದುವರಿಯುವ ಫುಲ್-ಅಪ್‌ಗ್ರೇಡ್ ಕೊಟ್ಟಾಗ 32-ಬಿಟ್ ಪ್ಯಾಕೇಜ್‌ಗಳನ್ನೆಲ್ಲ ತೆಗೆಯಲೇ ಎಂದು ಕೇಳಿತು. ಆ ಪಟ್ಟಿ ಓದದೆ 'ವೈ' ಒತ್ತಿದ್ದರೆ ಪ್ರೋಗ್ರಾಂ ಹೋಗುತ್ತಿತ್ತು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಪ್ಯಾಕೇಜ್‌ನ ಆದ್ಯತೆ ತೋರಿಸುವ 'ಆಪ್ಟ್-ಕ್ಯಾಶ್ ಪಾಲಿಸಿ' ಕಮಾಂಡ್‌ಗೆ ಬರೀ ಹೆಸರು ಕೊಟ್ಟರೆ ನೇಟಿವ್ ಆರ್ಕಿಟೆಕ್ಚರ್‌ನ (ಸಿಸ್ಟಂನ ಮೂಲ ಆರ್ಕಿಟೆಕ್ಚರ್, ನನ್ನಲ್ಲಿ 64-ಬಿಟ್) ಉತ್ತರವಷ್ಟೇ ಬರುತ್ತದೆ, ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೆಸರಿನ ಕೊನೆಗೆ 32-ಬಿಟ್ ಅನ್ನು ಸೂಚಿಸುವ ':ಐ386' ಸೇರಿಸಿ ಕೇಳಿದಾಗಲೇ ಪಿನ್ ತಗುಲಿಲ್ಲವೆಂದು ತಿಳಿದದ್ದು.

2020ರಲ್ಲಿ ಬಂದ ಆಪ್ಟ್ 2.0 ನನ್ನ ಕೆಲಸ ಬಹಳ ಹಗುರ ಮಾಡಿತು. 'ಎಸ್‌ಆರ್‌ಸಿ:' ಎಂದು ಬರೆದು ಸೋರ್ಸ್ ಪ್ಯಾಕೇಜ್ ಹೆಸರು ಕೊಟ್ಟರೆ, ಆ ಸೋರ್ಸ್‌ನಿಂದ ತಯಾರಾದ ಬೈನರಿಗಳಿಗೆಲ್ಲ (ನಾವು ಇನ್‌ಸ್ಟಾಲ್ ಮಾಡುವ ಪ್ಯಾಕೇಜ್‌ಗಳು) ಒಂದೇ ಪಿನ್ ಸಾಕು. ಮೊದಲು ಹತ್ತು ಹೆಸರು ಬರೆಯುತ್ತಿದ್ದ ಕಡೆ ಈಗ ಒಂದು. ಆದರೆ ಅದೂ ನೇಟಿವ್ ಆರ್ಕಿಟೆಕ್ಚರ್‌ಗೆ ಮಾತ್ರ. ಎಲ್ಲ ಆರ್ಕಿಟೆಕ್ಚರ್‌ಗೂ ಬೇಕಾದರೆ ಕೊನೆಯಲ್ಲಿ ':ಎನಿ' ಸೇರಿಸಬೇಕು. ನನ್ನ ಪ್ರಕಾರ ಈ ಒಂದು ಸಾಲು ಮ್ಯಾನ್ ಪುಟದಲ್ಲಿ ಅಂಕಿಗಳ ಪಟ್ಟಿಯ ಪಕ್ಕದಲ್ಲೇ ಇರಬೇಕಾದದ್ದು, ಅದರ ಜೊತೆಗೆ ಎರಡು ಆರ್ಕಿಟೆಕ್ಚರ್ ಇಟ್ಟುಕೊಂಡೇ ಬರೆದ ಒಂದು ಪೂರ್ತಿ ಉದಾಹರಣೆಯೂ ಬೇಕು. ಪಿನ್ ತಪ್ಪಾದರೆ ಎರರ್ ಬರುವುದಿಲ್ಲ, ಸುಮ್ಮನೆ ಕೆಲಸ ಮಾಡುವುದಿಲ್ಲ ಅಷ್ಟೆ. ಹಾಗಿರುವಾಗ ನಮಗೆ ಆಸರೆ ಆಗುವುದು ವಿವರಣೆಯೊಂದೇ.

ಹೊಸಬರಿಗೆ ಇನ್ನೊಂದು ಮಾತು: ಪಿನ್‌ಗಳನ್ನು ಬರೆದಿಡುವ 'ಪ್ರಿಫರೆನ್ಸಸ್.ಡಿ' ಫೋಲ್ಡರ್ ಒಳಗಿನ ಫೈಲ್‌ಗೆ ಎಕ್ಸ್‌ಟೆನ್ಷನ್ ಇರಬಾರದು, ಇದ್ದರೆ '.ಪ್ರೆಫ್' ಆಗಿರಬೇಕು. ಬೇರೆ ಏನಿದ್ದರೂ ಆಪ್ಟ್ ಅದನ್ನು ಓದುವುದಿಲ್ಲ.

ವಿವರಣೆಯನ್ನೂ ಸೇರಿಸಿ ನೋಡಿದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಪಿನ್ನಿಂಗ್‌ಗಷ್ಟೇ ಆಗಿದ್ದರೆ ಪೂರ್ತಿ ಐದು.